ಒಣಗಿದ ಎಲೆ ಎಲ್ಲಿಗೆ ಹೋಗುತ್ತದೆ?



ನಾವು ಅಂಗಳ ಗುಡಿಸಿ ಎಲೆಗೆ ಬೆಂಕಿ ಹಾಕುತ್ತೇವೆ. ಕಾಡಿನಲ್ಲಿ ಯಾರೂ ಗುಡಿಸುವುದಿಲ್ಲ. ಆದರೂ ಅಲ್ಲಿ ಬಿದ್ದ ಎಲೆ ನಿಧಾನವಾಗಿ ಮಣ್ಣಾಗುತ್ತದೆ. ಹೇಗೆ? ವಿಜ್ಞಾನದ ಮೇಷ್ಟ್ರು ಕೇಳಿದಾಗ ನಾನು "ಮಳೇಲಿ ಕರಗಿ ಹೋಗುತ್ತೆ ಸಾರ್" ಅಂದೆ. ಎಲ್ಲರೂ ನಕ್ಕರು. ಆಮೇಲೆ ಮೇಷ್ಟ್ರು ವಿವರಿಸಿದ್ದನ್ನು ಇಲ್ಲಿ ಬರೆದಿದ್ದೇನೆ.

ಗಿಡಮರಗಳಿಗೆ ಗಟ್ಟಿತನ ಕೊಡುವ ವಸ್ತು ಲಿಗ್ನಿನ್. ಅದರಲ್ಲಿ ಇಂಗಾಲದ ಉಂಗುರಗಳಿವೆ. ಒಂದೊಂದು ಉಂಗುರದಲ್ಲಿ ಆರು ಇಂಗಾಲದ ಪರಮಾಣುಗಳು, ನಾವು ಆರು ಜನ ಕೈಕೈ ಹಿಡಿದು ದುಂಡಗೆ ನಿಂತ ಹಾಗೆ. ಈ ಹಿಡಿತ ಸುಲಭವಾಗಿ ಬಿಡುವುದಿಲ್ಲ. ಮುಖ್ಯವಾಗಿ ಅಣಬೆ ಜಾತಿಯ ಶಿಲೀಂಧ್ರಗಳು ಲಿಗ್ನಿನ್ನನ್ನು ಚೂರು ಮಾಡುತ್ತವೆ. ಚೂರುಗಳಲ್ಲಿ ಉಳಿದ ಉಂಗುರವನ್ನು ಬಿಚ್ಚುವುದರಲ್ಲಿ ಸ್ಯೂಡೊಮೊನಾಸ್‌ನಂಥ ಮಣ್ಣಿನ ಬ್ಯಾಕ್ಟೀರಿಯಾಗಳು ಬಲು ಜಾಣ.

ಅವು ಇಂಥ ಚೂರುಗಳನ್ನು ಮೊದಲು ಕ್ಯಾಟೆಕಾಲ್ ಅಥವಾ ಅದರಂಥ ವಸ್ತುವಾಗಿ ಮಾಡಿಕೊಳ್ಳುತ್ತವೆ. ಕ್ಯಾಟೆಕಾಲ್ ಎಂಬ ಹೆಸರು ಬಂದಿದ್ದು ಕಾಚಿನಿಂದ! ಅಜ್ಜಿಯರು ಎಲೆ ಅಡಿಕೆಗೆ ಹಾಕಿಕೊಳ್ಳುತ್ತಾರಲ್ಲ, ಕಗ್ಗಲಿ ಮರದ ಕಾಚು, ಅದೇ.

ಈಗ ಕಿಣ್ವದ ಕೆಲಸ. ಅದರ ಹೆಸರು ಕ್ಯಾಟೆಕಾಲ್ ಡೈಆಕ್ಸಿಜನೇಸ್. ಅದರೊಳಗೆ ಕಬ್ಬಿಣ ಇದೆ. ಅದು ಗಾಳಿಯ ಆಮ್ಲಜನಕದ ಎರಡು ಪರಮಾಣುಗಳನ್ನು ಪಕ್ಕಪಕ್ಕದ ಇಬ್ಬರಿಗೆ ಒಂದೊಂದು ಕೊಟ್ಟು ಅವರ ಕೈ ಬಿಡಿಸುತ್ತದೆ. ಉಂಗುರ ಬಿಚ್ಚಿ ಸರಪಳಿಯಾಗುತ್ತದೆ. ಆ ಸರಪಳಿಯೇ ಬ್ಯಾಕ್ಟೀರಿಯಾಕ್ಕೆ ಆಹಾರ.

ಜಪಾನಿನ ವಿಜ್ಞಾನಿ ಒಸಾಮು ಹಯಾಯಿಶಿ 1950ರಲ್ಲಿ ಈ ಕಿಣ್ವದ ಬಗ್ಗೆ ಬರೆದರು. ಆದರೆ ಆಮ್ಲಜನಕ ಬರುವುದು ಗಾಳಿಯಿಂದಲೋ ನೀರಿನಿಂದಲೋ? ಅದನ್ನು ತಿಳಿಯಲು ಅವರೂ ಜೊತೆಗಾರರೂ ಭಾರದ ಆಮ್ಲಜನಕ ಬಳಸಿದರು. ಸಾಮಾನ್ಯ ಆಮ್ಲಜನಕದ ತೂಕ 16, ಇದರದು 18. 1955ರಲ್ಲಿ ಉತ್ತರ ಸಿಕ್ಕಿತು: ಎರಡೂ ಪರಮಾಣು ಗಾಳಿಯದೇ!

ಇದರಿಂದ ನಾವು ಕಲಿಯುವುದೇನು? ಈ ಕಿಣ್ವಕ್ಕೆ ಗಾಳಿ ಬೇಕೇ ಬೇಕು. ಅದಕ್ಕೇ ಗೊಬ್ಬರದ ಗುಂಡಿಯನ್ನು ಆಗಾಗ ಮಗುಚಬೇಕು. ಎಲೆ ಸುಟ್ಟರೆ ಮಣ್ಣಿಗೆ ಸೇರಬೇಕಾದ ಸಾರ ಹೊಗೆಯಾಗಿ ಹೋಗುತ್ತದೆ. ಒಂದನೇ ಕ್ಲಾಸಿನ ಮಕ್ಕಳು ಕೆಮ್ಮುತ್ತಾರೆ, ಅಷ್ಟೇ ಲಾಭ.

ಗುರುಗಳು ಒಪ್ಪಿದರೆ ಈ ಶನಿವಾರ ಶಾಲೆಯ ಹಿಂದೆ ಒಂದು ಗುಂಡಿ ತೋಡೋಣ. ಎಲೆ ಹಾಕಿ, ಸಗಣಿ ನೀರು ಚಿಮುಕಿಸೋಣ. ಗುದ್ದಲಿ ನಾನು ಮನೆಯಿಂದ ತರುತ್ತೇನೆ. ನನ್ನ ಬರಹದಲ್ಲಿ ತಪ್ಪಿದ್ದರೆ ದಯವಿಟ್ಟು ತಿದ್ದಿರಿ.