ಪರ್ಷಿಯದ ಮೆರುಗಿನ ಪಾತ್ರೆಗಳು

ಮಣ್ಣಿನ ಪಾತ್ರೆಗೆ ರತ್ನದ ಕಾಂತಿಯನ್ನು ತಂದ ಕೀರ್ತಿಯಲ್ಲಿ ಪರ್ಷಿಯದ, ಎಂದರೆ ಇಂದಿನ ಇರಾನ್ ದೇಶದ, ಕುಂಬಾರರಿಗೆ ಹಿರಿಯ ಪಾಲು ಸಲ್ಲಬೇಕು. 12 ಮತ್ತು 13ನೆಯ ಶತಮಾನಗಳಲ್ಲಿ ಕಾಶಾನ್ ನಗರವು ಈ ಕಲೆಯ ತವರಾಗಿದ್ದಿತು. ಪಾರಸಿ ಭಾಷೆಯಲ್ಲಿ ಮೆರುಗಿನ ಹೆಂಚಿಗೆ 'ಕಾಶಿ' ಎಂಬ ಹೆಸರು ಬಂದುದು ಈ ಊರಿನಿಂದಲೇ.

ಈ ಪಾತ್ರೆಗಳ ಒಡಲು ಬರಿಯ ಜೇಡಿಮಣ್ಣಲ್ಲ. ಬೆಣಚುಕಲ್ಲಿನ ನುಣ್ಣನೆಯ ಪುಡಿ 10 ಪಾಲು, ಗಾಜಿನ ಪುಡಿ 1 ಪಾಲು, ಬಿಳಿಯ ಜೇಡಿ 1 ಪಾಲು ಕೂಡಿದ ಮಿಶ್ರಣವದು. ಚೀನದ ಪಿಂಗಾಣಿಯ ಬೆಳ್ಳನೆಯ ಚೆಲುವಿಗೆ ಸಾಟಿಯಾಗಬೇಕೆಂಬ ಹಂಬಲವೇ ಈ ಉಪಾಯಕ್ಕೆ ಪ್ರೇರಣೆ.

ಮೆರುಗೆಂದರೆ ಪಾತ್ರೆಯ ಮೇಲೆ ಕರಗಿ ಹರಡಿ ನಿಂತ ಗಾಜು. ಅದಕ್ಕೆ ತವರದ ಭಸ್ಮವು ಬೆರೆತರೆ ಹಾಲಿನ ಬಿಳುಪು. ಕೋಬಾಲ್ಟ್ ಬೆರೆತರೆ ಗಾಢವಾದ ನೀಲಿ. ಮ್ಯಾಂಗನೀಸ್ ಬೆರೆತರೆ ನೇರಳೆ. ತಾಮ್ರವಾದರೋ ಕ್ಷಾರದ ಗಾಜಿನಲ್ಲಿ ಹಸಿರುನೀಲಿಯನ್ನೂ ಸೀಸದ ಗಾಜಿನಲ್ಲಿ ಹಸಿರನ್ನೂ ಕೊಡುತ್ತದೆ. ಬಣ್ಣವು ಲೋಹದ ಗುಣ ಮಾತ್ರವಲ್ಲ, ಅದರ ಸಹವಾಸದ ಗುಣವೂ ಹೌದೆಂಬುದನ್ನು ವಿಜ್ಞಾನದ ವಿದ್ಯಾರ್ಥಿಗಳು ಗಮನಿಸಬೇಕು.

ಅಲಂಕಾರದ ಕ್ರಮಗಳಲ್ಲಿ ಎರಡು ವಿಶೇಷವಾದುವು. ಮೊದಲನೆಯದು 'ಮೀನಾಯಿ'. ಉರಿಯನ್ನು ತಾಳಬಲ್ಲ ನೀಲಿ ಮೊದಲಾದ ಬಣ್ಣಗಳನ್ನು ಮೆರುಗಿನೊಡನೆಯೇ ಸುಡುತ್ತಿದ್ದರು. ತಾಳಲಾರದ ಕೆಂಪು, ಕಪ್ಪು ಬಣ್ಣಗಳನ್ನೂ ಚಿನ್ನದ ರೇಕನ್ನೂ ಮೆರುಗಿನ ಮೇಲೆ ಇಟ್ಟು, ಸಣ್ಣ ಉರಿಯಲ್ಲಿ ಮತ್ತೆ ಸುಟ್ಟು ನಿಲ್ಲಿಸುತ್ತಿದ್ದರು. ಹೀಗೆ ಅಂಗೈಯಗಲದ ಬಟ್ಟಲಿನಲ್ಲಿ ರಾಜರೂ ರಾವುತರೂ ಮೂಡಿದರು.

ಎರಡನೆಯದು ಲೋಹಕಾಂತಿಯ ಕ್ರಮ. ಇದು 9ನೆಯ ಶತಮಾನದಲ್ಲಿಯೇ ಇರಾಕಿನ ಕುಂಬಾರರಿಗೆ ತಿಳಿದಿದ್ದಿತು. ಒಮ್ಮೆ ಸುಟ್ಟ ಮೆರುಗಿನ ಮೇಲೆ ಬೆಳ್ಳಿ, ತಾಮ್ರಗಳ ಸಂಯುಕ್ತಗಳಿಂದ ಚಿತ್ರ ಬರೆದು, ಗಾಳಿಯನ್ನು ತಡೆದು ಹೊಗೆ ತುಂಬಿದ ಆವಿಗೆಯಲ್ಲಿ ಪುನಃ ಕಾಯಿಸುವರು. ಹೊಗೆಯು ಆಮ್ಲಜನಕವನ್ನು ಸೆಳೆದುಕೊಳ್ಳಲು, ಲೋಹದ ಅತಿಸೂಕ್ಷ್ಮವಾದ ಪೊರೆಯು ಉಳಿಯುತ್ತದೆ. ತಣಿದ ಮೇಲೆ ಒರೆಸಿದರೆ ಚಿನ್ನದ ಹೊಳಪು; ಆದರೆ ಚಿನ್ನವು ಗುಲಗಂಜಿಯಷ್ಟೂ ಇಲ್ಲ! ಉರಿಯು ಸ್ವಲ್ಪ ಹೆಚ್ಚಿದರೂ ತಿಂಗಳ ದುಡಿಮೆ ಮಸಿಯಾಗುವುದು.

ಈ ರಹಸ್ಯಗಳು ತಂದೆಯಿಂದ ಮಗನಿಗೆ ಬಾಯಿಮಾತಿನಲ್ಲಿ ಸಾಗುತ್ತಿದ್ದುವು. ಕಾಶಾನಿನ ಕುಂಬಾರ ಮನೆತನದಲ್ಲಿ ಹುಟ್ಟಿದ ಅಬುಲ್ ಕಾಸಿಮನೆಂಬ ವಿದ್ವಾಂಸನು 1301ರಲ್ಲಿ ಅವನ್ನು ಪಾರಸಿಯಲ್ಲಿ ಬರೆದಿಟ್ಟನು. ಅಷ್ಟರಲ್ಲಿ ಮೀನಾಯಿಯ ಬಳಕೆ ತಪ್ಪಿಹೋಗಿದ್ದಿತು. ಮೇಲೆ ಹೇಳಿದ 10, 1, 1ರ ಪ್ರಮಾಣವನ್ನು ನಾವಿಂದು ಬಲ್ಲುದು ಅವನ ಲೇಖನಿಯ ಉಪಕಾರದಿಂದ.

ಈ ಕಲೆ ನಮ್ಮ ನಾಡಿಗೂ ಬಂದಿತು. ಪರ್ಷಿಯದ ಗೀಲಾನಿನವನಾದ ಬಹಮನಿ ಮಂತ್ರಿ ಮಹಮೂದ್ ಗವಾನನು 1472ರಲ್ಲಿ ಬೀದರಿನಲ್ಲಿ ಕಟ್ಟಿಸಿದ ಮದರಸದ ಗೋಡೆಗಳ ಮೇಲೆ ಬಣ್ಣದ ಹೆಂಚುಗಳು ಇಂದಿಗೂ ಅಲ್ಲಲ್ಲಿ ಉಳಿದಿವೆ. ಅದೂ ಒಂದು ವಿದ್ಯಾಶಾಲೆಯೇ ಎಂಬುದು ನಮಗೆ ಸಂತೋಷದ ಸಂಗತಿ.

ನಮ್ಮ ಊರುಗಳಲ್ಲಿಯೂ ಕುಂಬಾರರು, ನೇಕಾರರು, ಕಮ್ಮಾರರು ಇದ್ದಾರೆ. ಅವರ ಕಸುಬಿನ ಕನ್ನಡ ಮಾತುಗಳನ್ನು ವಿದ್ಯಾರ್ಥಿಗಳು ಈ ರಜೆಯಲ್ಲಿ ಕೇಳಿ ಬರೆದು ತರಲಿ. ಬರೆಯದ ವಿದ್ಯೆಯು ಬಲ್ಲವನೊಡನೆಯೇ ಮಣ್ಣುಗೂಡುವುದು.