ಹಂಪಿಗೆ ಹೊರಡುವ ಮುನ್ನ ಹಿಂದೂಪುರಕ್ಕೆ ಹೋಗಿ ಬಾ

ಅಳಿಯಾ, ನಿನ್ನ ಟಾಟಾಮೊಬೈಲ್ 206 ನೋಡಿ ಬಂದೆ. ತುಕ್ಕು ತಿಂದು ಮೂಲೆ ಸೇರಿದ್ದ ಗಾಡಿಯನ್ನು ಬಿಚ್ಚಿ, ಉಜ್ಜಿ, ಬಣ್ಣ ಬಳಿದು ಮತ್ತೆ ಉಸಿರಾಡುವಂತೆ ಮಾಡಿದ್ದೀಯ. ತುಂಬಾ ಸಂತೋಷವಾಯಿತು. 1988ರಲ್ಲಿ ಬಂದ ಈ ಗಾಡಿ ಟಾಟಾದವರ ಮೊದಲ ಪಿಕಪ್. ಇದರ ತಳಪಾಯದ ಮೇಲೆಯೇ ಮುಂದೆ ಸಿಯೆರಾ, ಎಸ್ಟೇಟ್, ಸುಮೋ ಬಂದವು. ಹಿಂದೂಪುರದ ಹುಣಸೆಹಣ್ಣು, ರೇಷ್ಮೆಗೂಡು, ನಮ್ಮ ಹೊಲಗಳ ಕಡಲೆಕಾಯಿ ಹೊತ್ತು ತಿರುಗಿದ್ದು ಇಂಥ ಗಾಡಿಗಳೇ. ಅದನ್ನು ಗುಜರಿಗೆ ಹಾಕದೆ ಉಳಿಸಿದ್ದೀಯಲ್ಲ, ಅದೇ ದೊಡ್ಡ ಕೆಲಸ.

ಈಗ ಪೆನುಕೊಂಡದಿಂದ ಹಂಪಿಗೆ ಹೊರಡುತ್ತೇನೆ ಅನ್ನುತ್ತೀಯ. ಒಳ್ಳೆಯ ದಾರಿಯನ್ನೇ ಆರಿಸಿದ್ದೀಯ. 1565ರ ತಾಳಿಕೋಟೆ ಯುದ್ಧದ ನಂತರ ತಿರುಮಲರಾಯ ವಿಜಯನಗರ ಬಿಟ್ಟು ಬಂದು ನೆಲೆ ನಿಂತಿದ್ದು ನಮ್ಮ ಪೆನುಕೊಂಡದಲ್ಲಿ. ಎರಡನೆಯ ರಾಜಧಾನಿಯಿಂದ ಮೊದಲನೆಯ ರಾಜಧಾನಿಗೆ ನೀನು ಮರಳಿ ಹೋಗುತ್ತೀಯ. ಪಾವಗಡ, ಕಲ್ಯಾಣದುರ್ಗ, ರಾಯದುರ್ಗ, ಬಳ್ಳಾರಿ, ಹೊಸಪೇಟೆ ಹಿಡಿದು ಹೋದರೆ ಮುನ್ನೂರು ಕಿಲೋಮೀಟರಿನೊಳಗೆ ಮುಗಿಯುತ್ತದೆ. ಹೊಸ ಕಾರಿಗೆ ಇದು ಅರ್ಧ ದಿನದ ಮಾತು. ನಿನ್ನ ಗಾಡಿಗೆ ಹಾಗಲ್ಲ. ಕಟ್ಟಿ ಮುಗಿದ ಗಾಡಿ ದಾರಿಗೆ ಸಿದ್ಧವಾಯಿತು ಎಂದು ಮಾತ್ರ ತಿಳಿಯಬೇಡ. ಬಣ್ಣ ಒಣಗಿದ ಮೇಲೆ ಇನ್ನೊಂದು ಸುತ್ತಿನ ಕೆಲಸ ಇರುತ್ತದೆ. ಅದನ್ನು ಹೇಳುವುದಕ್ಕೇ ನಿನ್ನನ್ನು ಕೂರಿಸಿಕೊಂಡಿದ್ದೇನೆ.

ಮೊದಲು ಗಾಡಿ ನಿಲ್ಲುವ ವಿಚಾರ ನೋಡು, ಓಡುವುದು ಆಮೇಲೆ. ಬಹಳ ದಿನ ನಿಂತ ಗಾಡಿಯಲ್ಲಿ ಮಾಸ್ಟರ್ ಸಿಲಿಂಡರಿನ, ವ್ಹೀಲ್ ಸಿಲಿಂಡರಿನ ರಬ್ಬರ್ ಒಣಗಿ ಬಿರಿದಿರುತ್ತದೆ. ಊರೊಳಗೆ ನಿಧಾನಕ್ಕೆ ಓಡಿಸುವಾಗ ಗೊತ್ತಾಗುವುದಿಲ್ಲ. ಇಳಿಜಾರಿನಲ್ಲಿ ಜೋರಾಗಿ ಒತ್ತಿದಾಗ ಪೆಡಲು ನೆಲಕ್ಕೆ ಹೋಗುತ್ತದೆ. ಎಲ್ಲ ರಬ್ಬರನ್ನೂ, ಬಗ್ಗುವ ಪೈಪುಗಳನ್ನೂ ಒಂದೇ ಸಲ ಬದಲಾಯಿಸು. ಬ್ರೇಕ್ ಆಯಿಲು ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ. ತೇವ ಸೇರಿದಷ್ಟೂ ಅದು ಬೇಗ ಕುದಿಯುತ್ತದೆ, ಕುದಿದರೆ ಬ್ರೇಕು ಹಿಡಿಯದು. ಹಳೆಯದನ್ನು ಪೂರ್ತಿ ಹೊರಹಾಕಿ, ಹೊಸದು ತುಂಬಿ, ನಾಲ್ಕೂ ಚಕ್ರದಿಂದ ಗಾಳಿ ತೆಗೆಸು. ಎರಡು ವರ್ಷಕ್ಕೊಮ್ಮೆ ಇದು ಆಗಲೇಬೇಕು. ಖಾಲಿ ಪಿಕಪ್ಪಿನ ಹಿಂಭಾಗ ಹಗುರ. ಒಮ್ಮೆಲೇ ಒತ್ತಿದರೆ ಹಿಂದಿನ ಚಕ್ರ ಕಚ್ಚಿಕೊಂಡು ಗಾಡಿ ಅಡ್ಡ ತಿರುಗುತ್ತದೆ. ಸಾಮಾನೆಲ್ಲ ಕೆಳಗೆ, ಕ್ಯಾಬಿನ್ನಿಗೆ ಒತ್ತಿಕೊಂಡಂತೆ, ಹಗ್ಗದಿಂದ ಬಿಗಿದು ಇಡು.

ಟೈರಿನ ಗೀರು ನೋಡಿ ಮೋಸಹೋಗಬೇಡ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2319 ಎಂದಿದ್ದರೆ 2019ರ ಇಪ್ಪತ್ತಮೂರನೆಯ ವಾರದಲ್ಲಿ ತಯಾರಾದದ್ದು. ನಿಂತಲ್ಲೇ ನಿಂತ ಟೈರು ಗೀರು ಸವೆಯದಿದ್ದರೂ ನಮ್ಮ ಸೀಮೆಯ ಬಿಸಿಲಿಗೆ ಒಳಗೇ ಗಟ್ಟಿಯಾಗಿ ಬಿರಿಯುತ್ತದೆ. ಐದಾರು ವರ್ಷ ದಾಟಿದ್ದನ್ನು ದೂರದ ದಾರಿಗೆ ಹಾಕಬೇಡ, ಸ್ಟೆಪ್ನಿಗೂ ಇದೇ ಮಾತು. ಗಾಳಿಯನ್ನು ಬೆಳಗ್ಗೆ ಟೈರು ತಣ್ಣಗಿದ್ದಾಗ ನೋಡಿಸು. ಮಧ್ಯಾಹ್ನ ಬಿಸಿಯಾಗಿ ಹೆಚ್ಚು ತೋರಿಸಿತೆಂದು ಗಾಳಿ ಬಿಟ್ಟರೆ ಸಂಜೆಗೆ ಕಡಿಮೆಯಾಗಿರುತ್ತದೆ.

ಇನ್ನು ನೀರು. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಬೀಳುವ ನಾಡು ನಮ್ಮದು. ಕುಡಿಯುವುದಕ್ಕೂ ಬೋರ್‌ವೆಲ್, ರೇಡಿಯೇಟರಿಗೂ ಬೋರ್‌ವೆಲ್ ನೀರು. ಈ ಗಡಸು ನೀರಿನ ಸುಣ್ಣ ಒಳಗಿನ ಸಣ್ಣ ಕೊಳವೆಗಳಲ್ಲಿ ಗಟ್ಟಿಯಾಗುತ್ತದೆ. ಹೊರಗಿನಿಂದ ರೇಡಿಯೇಟರು ಫಳಫಳ ಹೊಳೆಯುತ್ತಿದ್ದರೂ ಒಳಗೆ ಅರ್ಧ ಕಟ್ಟಿಕೊಂಡಿರಬಹುದು. ಬಿಚ್ಚಿಸಿ, ರಾಡ್ ಹೊಡೆಸಿ, ತೊಳೆಸು. ಆಮೇಲೆ ಡಿಸ್ಟಿಲ್ಡ್ ನೀರಿಗೆ ಸಮಸಮ ಕೂಲಂಟ್ ಬೆರೆಸಿ ತುಂಬು. ಸೆಖೆಯ ಊರೆಂದು ಥರ್ಮೋಸ್ಟಾಟ್ ತೆಗೆದು ಬಿಸಾಡುವ ಅಭ್ಯಾಸ ನಮ್ಮ ಕಡೆಯ ಮೆಕ್ಯಾನಿಕ್ಕರಿಗೆ ಇದೆ. ನೀನು ತೆಗೆಸಬೇಡ. ಎಂಜಿನ್ನು ತನಗೆ ಬೇಕಾದ ಬಿಸಿಗೆ ಬಾರದಿದ್ದರೂ ಸವೆಯುತ್ತದೆ. ಮುಚ್ಚಳದ ಸ್ಪ್ರಿಂಗು ಸೋತಿದ್ದರೆ ಮುಚ್ಚಳವನ್ನೇ ಬದಲಿಸು. ಅದು ಒತ್ತಡ ಹಿಡಿದಿಟ್ಟರೆ ಮಾತ್ರ ನೀರು 100 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ದಾರಿಯಲ್ಲಿ ಎಂಜಿನ್ನು ಕಾದರೆ ನೆರಳು ನೋಡಿ ನಿಲ್ಲಿಸಿ ಬಾನೆಟ್ಟು ಎತ್ತಿ ಕಾಯಿ. ಬಿಸಿಯಲ್ಲಿ ಮುಚ್ಚಳಕ್ಕೆ ಕೈ ಹಾಕಬೇಡ. ಕುದಿನೀರು ಮುಖಕ್ಕೇ ಚಿಮ್ಮುತ್ತದೆ.

ಡೀಸೆಲ್ ಟ್ಯಾಂಕನ್ನು ಇಳಿಸಿ ತೊಳೆದಿದ್ದೀಯಾ? ತೊಳೆದಿಲ್ಲವಾದರೆ ಈ ವಾರವೇ ತೊಳೆ. ನಿಂತ ಟ್ಯಾಂಕಿನ ತಳದಲ್ಲಿ ತುಕ್ಕು, ನೀರು, ಕೆಸರು ಸೇರಿರುತ್ತದೆ. ಗಾಡಿ ಅಲುಗಾಡದೆ ನಿಂತಿರುವಷ್ಟು ದಿನ ಅದು ತಳದಲ್ಲೇ ಇರುತ್ತದೆ. ಕಲ್ಯಾಣದುರ್ಗದ ರಸ್ತೆಯಲ್ಲಿ ಕುಲುಕಿದಾಗ ಎದ್ದು ಬಂದು ಫಿಲ್ಟರನ್ನು ಕಟ್ಟುತ್ತದೆ. ಎರಡು ಫಿಲ್ಟರ್ ಹೆಚ್ಚಿಗೆ ಇಟ್ಟುಕೋ. ಫಿಲ್ಟರ್ ಬದಲಿಸಿದ ಮೇಲೆ ಲೈನಿನಲ್ಲಿ ಗಾಳಿ ನಿಲ್ಲುತ್ತದೆ. ಕೈಪಂಪು ಒತ್ತುತ್ತಾ, ಸ್ಕ್ರೂ ಸಡಿಲಿಸಿ, ನೊರೆ ಹೋಗಿ ಬರೀ ಡೀಸೆಲ್ ಬರುವವರೆಗೆ ಗಾಳಿ ತೆಗೆಯುವುದನ್ನು ಮನೆಯ ಮುಂದೆಯೇ ಕಲಿತುಕೋ. ರಸ್ತೆ ಬದಿಯಲ್ಲಿ, ಬಿಸಿಲಲ್ಲಿ, ಮೊದಲ ಸಲ ಕಲಿಯುವ ಕೆಲಸವಲ್ಲ ಅದು.

ನಿನ್ನ ಗೆಳೆಯನ ಹಳೆಯ ಪೆಟ್ರೋಲ್ ಜೀಪೂ ಜೊತೆಗೆ ಬರುತ್ತದಂತೆ. ಅವನಿಗೂ ಹೇಳು: ಬಂಕಿನಲ್ಲಿ ಈಗ ಸಿಗುವುದು ಶೇಕಡ 20 ಎಥೆನಾಲ್ ಬೆರೆತ ಪೆಟ್ರೋಲ್. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಅದಕ್ಕೆ ಚಾಲನೆ ಕೊಟ್ಟರು. ಹಳೆಯ ಕಾಲದ ರಬ್ಬರು ಅದನ್ನು ತಾಳುವುದಿಲ್ಲ. ಪೈಪು, ಪೆಟ್ರೋಲ್ ಪಂಪಿನ ಡಯಾಫ್ರಮ್, ಕಾರ್ಬುರೇಟರಿನ ವಾಷರುಗಳನ್ನು ಎಥೆನಾಲ್ ತಡೆಯುವ ಜಾತಿಯದಕ್ಕೆ ಬದಲಿಸಲಿ. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ಸೋರಿದರೆ ಬೆಂಕಿಯೇ.

ವೈರಿಂಗಿನಲ್ಲಿ ಒಂದು ಗುಟ್ಟಿದೆ. ಹೊಸದಾಗಿ ಬಣ್ಣ ಹೊಡೆದ ಗಾಡಿಗಳಲ್ಲಿ ಲೈಟು ಮಂಕಾಗುವುದಕ್ಕೆ, ಸ್ಟಾರ್ಟರು ತಿರುಗದಿರುವುದಕ್ಕೆ ಬಹಳ ಸಲ ಬಣ್ಣವೇ ಕಾರಣ. ಅರ್ತ್ ವೈರು ಬಾಡಿಗೆ, ಚಾಸಿಗೆ, ಎಂಜಿನ್ನಿಗೆ ಕೂರುವ ಕಡೆಯೆಲ್ಲ ಬಣ್ಣದ ಪದರ ಬಂದು ಕರೆಂಟು ಹರಿಯುವುದಿಲ್ಲ. ಅಷ್ಟು ಪ್ರೀತಿಯಿಂದ ಹೊಡೆದ ಬಣ್ಣ ಎಂದು ಮರುಗಬೇಡ. ಆ ಜಾಗಗಳಲ್ಲಿ ಹೊಳೆಯುವ ಕಬ್ಬಿಣ ಕಾಣುವವರೆಗೆ ಕೆರೆದು, ಬಿಗಿದು, ಮೇಲೆ ಗ್ರೀಸು ಸವರು. ಲೈಟು ಕೈಕೊಟ್ಟರೂ ಗಾಡಿ ಕಾಣುವಂತೆ ಹಿಂದೆ ಪ್ರತಿಫಲಿಸುವ ಪಟ್ಟಿ ಅಂಟಿಸು.

ಇಷ್ಟಾದ ಮೇಲೆ ಕಾಗದಪತ್ರ. ನಿನ್ನ ದಾರಿ ಆಂಧ್ರದಿಂದ ಪಾವಗಡದಲ್ಲಿ ಕರ್ನಾಟಕಕ್ಕೆ, ಕಲ್ಯಾಣದುರ್ಗದಲ್ಲಿ ಮತ್ತೆ ಆಂಧ್ರಕ್ಕೆ, ಬಳ್ಳಾರಿಯಲ್ಲಿ ಮತ್ತೆ ಕರ್ನಾಟಕಕ್ಕೆ ದಾಟುತ್ತದೆ. ಯಾವ ಕಡೆ ಯಾರು ಕೇಳಿದರೂ ತೋರಿಸುವಂತಿರಬೇಕು. ಆರ್‌ಸಿ, ವಿಮೆ, ಹೊಗೆ ಪ್ರಮಾಣಪತ್ರ ಎಲ್ಲ ಚಾಲ್ತಿಯಲ್ಲಿರಲಿ. ಸರಕು ಗಾಡಿಯಾಗಿ ನೋಂದಣಿಯಾಗಿದ್ದರೆ ಫಿಟ್‌ನೆಸ್ ಸರ್ಟಿಫಿಕೇಟು ಈ ವಯಸ್ಸಿನ ಗಾಡಿಗೆ ವರ್ಷ ವರ್ಷವೂ ಬೇಕು. ಎಂಜಿನ್ನು ಬದಲಿಸಿದ್ದರೆ, ಮೂಲ ಬಣ್ಣ ಬಿಟ್ಟು ಬೇರೆ ಹೊಡೆದಿದ್ದರೆ, ಆರ್‌ಟಿಓ ಕಚೇರಿಯಲ್ಲಿ ಆರ್‌ಸಿಗೆ ಏರಿಸು. ಚಾಸಿ ನಂಬರಿನ ಮೇಲೆ ಬಣ್ಣ ದಪ್ಪ ಕೂತು ಓದಲಾಗದಂತೆ ಆಗಿದೆಯೇ ನೋಡು. ವಿಂಟೇಜ್ ನೋಂದಣಿಯ ಆಸೆ ಇಟ್ಟುಕೊಳ್ಳಬೇಡ. 2021ರ ನಿಯಮದಂತೆ ಅದು 50 ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ಗಾಡಿಗಳಿಗೆ ಮಾತ್ರ. ನಂಬರಿನಲ್ಲಿ 'ವಿಎ' ಬರುವ ಅಂಥ ಗಾಡಿಗಳನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿಯಂಥ ಕೆಲಸಗಳಿಗಷ್ಟೇ ರಸ್ತೆಗಿಳಿಸಬಹುದು, ದಿನನಿತ್ಯ ಓಡಿಸುವಂತಿಲ್ಲ. ಫಾಸ್ಟ್ಯಾಗನ್ನೂ ಅಂಟಿಸಿಕೋ. ಅದಿಲ್ಲದೆ ಹೋದರೆ ಟೋಲಿನಲ್ಲಿ ಹೆಚ್ಚು ತೆರಬೇಕು.

ಈಗ ಮುಖ್ಯ ಮಾತು. ಹಂಪಿಗೆ ನೇರ ಹೊರಡಬೇಡ. ಮೊದಲು ಪೆನುಕೊಂಡದ ಸುತ್ತಮುತ್ತ ಇಪ್ಪತ್ತು ಕಿಲೋಮೀಟರ್ ಓಡಿಸು. ನಿಲ್ಲಿಸಿ ಇಳಿದು ನಾಲ್ಕೂ ಚಕ್ರದ ಹಬ್ಬಿನ ಹತ್ತಿರ ಅಂಗೈ ಹಿಡಿದು ನೋಡು. ಮೂರು ಬೆಚ್ಚಗಿದ್ದು ಒಂದು ಸುಡುತ್ತಿದ್ದರೆ ಅಲ್ಲಿ ಬ್ರೇಕು ಕಚ್ಚುತ್ತಿದೆ, ಇಲ್ಲವೇ ಬೇರಿಂಗು ಬಿಗಿಯಾಗಿದೆ. ಚಕ್ರದ ನಟ್ಟುಗಳನ್ನೂ ಕಮಾನುಪಟ್ಟಿಯ ಯು-ಬೋಲ್ಟುಗಳನ್ನೂ ಮತ್ತೆ ಬಿಗಿ. ಹೊಸ ಜೋಡಣೆ ಮೊದಲ ಓಟದಲ್ಲಿ ಸಡಿಲವಾಗುತ್ತದೆ. ಗಾಡಿ ನಿಲ್ಲಿಸಿದ ಕಡೆ ರಾತ್ರಿ ರಟ್ಟು ಹಾಸಿ, ಬೆಳಗ್ಗೆ ಯಾವ ಎಣ್ಣೆ ಎಲ್ಲಿ ತೊಟ್ಟಿಕ್ಕಿದೆ ನೋಡು. ಆಮೇಲೆ ಹಿಂದೂಪುರಕ್ಕೆ ಹೋಗಿ ಬಾ. ಅದೂ ಸರಿಹೋದರೆ ಇನ್ನು ಹದಿನೈದು ಕಿಲೋಮೀಟರ್ ಮುಂದೆ ಲೇಪಾಕ್ಷಿಗೆ ಹೋಗಿ, ಬಸವಣ್ಣನಿಗೆ ಕೈಮುಗಿದು, ಮಟಮಟ ಮಧ್ಯಾಹ್ನದ ಬಿಸಿಲಲ್ಲೇ ವಾಪಸ್ ಬಾ. ಕೆಡುವುದೇನಿದ್ದರೂ ಮನೆಯ ಹತ್ತಿರ ಕೆಡಲಿ. ಅಲ್ಲಿ ಕೆಟ್ಟರೆ ಒಂದು ಫೋನು ಮಾಡು, ನಾವು ಬರುತ್ತೇವೆ.

ನಮ್ಮ ಪಕ್ಕದ ಎರ‍್ರಮಂಚಿಯ ಕಿಯಾ ಕಾರ್ಖಾನೆಯಿಂದ 2019ರಿಂದ ಹೊರಬರುತ್ತಿರುವ ಕಾರುಗಳು ತಮಗೇನಾಗಿದೆ ಎಂದು ತಾವೇ ಪರದೆಯ ಮೇಲೆ ತೋರಿಸುತ್ತವೆ. ನಿನ್ನ ಗಾಡಿ ಹಾಗೆ ಹೇಳುವುದಿಲ್ಲ; ಅದಕ್ಕೆ ನಿನ್ನ ಕಿವಿ, ಮೂಗು, ಅಂಗೈ ಬೇಕು. ಮೊದಲ ದಿನಗಳಲ್ಲಿ ಹಾಡು ಹಾಕಿಕೊಂಡು ಓಡಿಸಬೇಡ. ಗಾಡಿ ಸರಿಯಿದ್ದಾಗ ಅದರ ಸದ್ದು ಹೇಗಿರುತ್ತದೆ ಎಂದು ಗೊತ್ತಿದ್ದರೆ ತಾನೇ ಕೆಟ್ಟಾಗಿನ ಸದ್ದು ಬೇರೆ ಎಂದು ತಿಳಿಯುವುದು?

ಹೊರಡುವ ದಿನ ನಸುಕಿನಲ್ಲೇ ಹೊರಡು. ಐವತ್ತು, ಅರವತ್ತರ ವೇಗ ಸಾಕು. ಸುಗ್ಗಿಯ ಕಾಲದಲ್ಲಿ ಈ ದಾರಿಯ ಊರುಗಳಲ್ಲಿ ಟಾರು ರಸ್ತೆಯ ಮೇಲೆಯೇ ಒಕ್ಕಣೆ ನಡೆಯುತ್ತದೆ. ಹುರುಳಿ ಹರಡಿದ್ದರೆ ಅದರ ಮೇಲೆ ಹಾಯಬೇಡ. ಬಳ್ಳಿ ತಿರುಗುವ ಶಾಫ್ಟಿಗೆ ಸುತ್ತಿಕೊಳ್ಳುತ್ತದೆ, ಸೈಲೆನ್ಸರಿನ ಕಾವಿಗೆ ಹತ್ತಿಕೊಳ್ಳುತ್ತದೆ. ಹೀಗೆ ಉರಿದುಹೋದ ಗಾಡಿಗಳಿವೆ. ತಪ್ಪಿ ಹಾದರೆ ಮುಂದೆ ನಿಲ್ಲಿಸಿ, ಬಗ್ಗಿ ನೋಡಿ, ಕಿತ್ತುಹಾಕು. ಒಂದು ಬೆಂಕಿ ನಂದಿಸುವ ಸಿಲಿಂಡರು ಸೀಟಿನ ಹತ್ತಿರವೇ ಇರಲಿ. ಬಳ್ಳಾರಿ ಸಮೀಪಿಸಿದಂತೆ ನಮ್ಮ ಕೆಂಪು ನೆಲ ಹೋಗಿ ಎರೆಮಣ್ಣು ಬರುತ್ತದೆ, ಅದರಲ್ಲಿ ಜಾಕು ಇಳಿದುಹೋಗುತ್ತದೆ. ಜಾಕಿನ ಕೆಳಗೆ ಹಾಕಲು ದಪ್ಪ ಹಲಗೆಯೊಂದನ್ನು ಈಗಲೇ ಕೊಯ್ಸಿಡು. ತೋರಣಗಲ್ಲು ಕಡೆ ಅದಿರು ಲಾರಿಗಳ ಸಾಲು ಇರುತ್ತದೆ. ಅವುಗಳನ್ನು ಹಿಂದಿಕ್ಕುವ ಹಟ ಬೇಡ. ಕತ್ತಲಾದರೆ ತಲುಪಿದ ಊರಲ್ಲೇ ಉಳಿದುಕೋ. ಕೆಟ್ಟು ನಿಂತರೆ ಚಕ್ರಕ್ಕೆ ಕಲ್ಲು ಕೊಡು, ಹಿಂದೆ ತ್ರಿಕೋನ ಇಡು; ಹೊರಡುವಾಗ ಆ ಕಲ್ಲನ್ನು ರಸ್ತೆಯಿಂದ ಎತ್ತಿ ಹಾಕದೆ ಕದಲಬೇಡ. ರಾತ್ರಿ ಬೈಕಿನಲ್ಲಿ ಬರುವವನಿಗೆ ಆ ಕಲ್ಲು ಕಾಣುವುದಿಲ್ಲ. ಹೆದ್ದಾರಿಯಲ್ಲಿ ನೆರವಿಗೆ 1033, ಆಂಬುಲೆನ್ಸಿಗೆ 108, ಏನೇ ಆಪತ್ತಿಗೆ 112. ಈ ಮೂರನ್ನೂ ಡ್ಯಾಶ್‌ಬೋರ್ಡಿನ ಮೇಲೆ ಬರೆದು ಅಂಟಿಸು.

ಕೊನೆಯದಾಗಿ, ಇದನ್ನು ಮಾವ ಹೇಳಿದ ಅಪ್ಪಣೆ ಎಂದೇ ತಿಳಿ. ಹಂಪಿಗೆ ಎಂದ ಕೂಡಲೇ ಮನೆಯ ಮಕ್ಕಳೆಲ್ಲ ಹಿಂದೆ ಹತ್ತಿ ಕೂರುತ್ತೇವೆ ಅನ್ನುತ್ತಾರೆ. ಜಾತ್ರೆಗೆ, ಮದುವೆಗೆ ಹಾಗೆ ಹೋಗುವುದು ನಮ್ಮ ಸೀಮೆಯಲ್ಲಿ ರೂಢಿಯಾಗಿಬಿಟ್ಟಿದೆ. ರೂಢಿ ಎಂದ ಮಾತ್ರಕ್ಕೆ ಸರಿಯಾಗುವುದಿಲ್ಲ. ಸರಕಿನ ಗಾಡಿಯ ಹಿಂಬದಿಯಲ್ಲಿ ಜನರನ್ನು ಕೂರಿಸುವುದು ಕಾನೂನಿಗೆ ವಿರುದ್ಧ. ಹೆಚ್ಚುಕಡಿಮೆಯಾದರೆ ವಿಮೆಯೂ ಕೈಹಿಡಿಯುವುದಿಲ್ಲ. ಅಲ್ಲಿ ಸೀಟಿಲ್ಲ, ಬೆಲ್ಟಿಲ್ಲ, ಹಿಡಿಯಲು ಆಸರೆಯಿಲ್ಲ. ಗಾಡಿ ಒಂದು ಮಗ್ಗುಲಿಗೆ ಮಗುಚಿದರೆ ಒಳಗಿದ್ದವರು ಉಳಿದಾರು, ಹಿಂದಿದ್ದವರು ಉಳಿಯುವುದು ಕಷ್ಟ. ಕ್ಯಾಬಿನ್ನಿನಲ್ಲಿ ಎಷ್ಟು ಸೀಟೋ ಅಷ್ಟೇ ಜನ. ಮಿಕ್ಕವರು ಬಸ್ಸಿನಲ್ಲಿ ಬರಲಿ, ಟಿಕೆಟ್ಟಿನ ದುಡ್ಡು ನಾನು ಕೊಡುತ್ತೇನೆ.

ಗಾಡಿ ಹಿಂದೂಪುರಕ್ಕೂ ಲೇಪಾಕ್ಷಿಗೂ ಹೋಗಿ, ಬ್ರೇಕು ಕಾಯದೆ, ನೀರು ಕುದಿಯದೆ ಮನೆಗೆ ಬರಲಿ. ಅಲ್ಲಿಯವರೆಗೆ ಹಂಪಿಗೆ ಹೊರಡುವ ದಿನವನ್ನು ಗೊತ್ತುಮಾಡಬೇಡ.