ಹೈನುಗಾರಿಕೆಯಲ್ಲಿ ಪೋಷಕಾಂಶಗಳ ಜಮಾ-ಖರ್ಚು

ಡೈರಿಗೆ ಹಾಕಿದ ಹಾಲಿನ ಲೆಕ್ಕ ಪ್ರತಿಯೊಬ್ಬ ರೈತನ ಪುಸ್ತಕದಲ್ಲೂ ಇರುತ್ತದೆ. ಆದರೆ ಹಸುವಿಗೆ ತಿನ್ನಿಸಿದ ಸಾರಜನಕ, ರಂಜಕ ಹಾಗೂ ಪೊಟ್ಯಾಷ್ ಎಲ್ಲಿಗೆ ಹೋದವೆಂದು ಲೆಕ್ಕವಿಡುವವರು ವಿರಳ. ಕನಕಪುರ ತಾಲ್ಲೂಕಿನ ಕೋಡಿಹಳ್ಳಿಯ ಸುತ್ತಮುತ್ತ ರಾಗಿಹುಲ್ಲು, ಕೊಳವೆಬಾವಿ ನೀರಿನ ನೇಪಿಯರ್ ಮತ್ತು ಕೊಂಡು ತಂದ ಹಿಂಡಿ-ಬೂಸಾ ನಂಬಿ ಸೀಮೆ ಹಸು ಸಾಕುವ ನಿಮಗೆ ಇದೂ ಹಣದ ಲೆಕ್ಕವೇ.

ದಿನಕ್ಕೆ 10 ಲೀಟರ್ ಹಾಲು ಕೊಡುವ ಹಸುವಿಗೆ, ನೂರಕ್ಕೆ 18 ಭಾಗ ಪ್ರೋಟೀನ್ ಇರುವ ಹಿಂಡಿ ಮಿಶ್ರಣ 5 ಕಿಲೋ, ಹಸಿ ನೇಪಿಯರ್ 20 ಕಿಲೋ ಮತ್ತು ರಾಗಿಹುಲ್ಲು 4 ಕಿಲೋ ಕೊಡುತ್ತೀರೆಂದು ಇಟ್ಟುಕೊಳ್ಳೋಣ. ಇವುಗಳಿಂದ ಸುಮಾರು 215 ಗ್ರಾಂ ಸಾರಜನಕ ಅದರ ಹೊಟ್ಟೆ ಸೇರುತ್ತದೆ. ಅದರಲ್ಲಿ 144 ಗ್ರಾಂ ನೀವು ದುಡ್ಡು ಕೊಟ್ಟು ತಂದ ಹಿಂಡಿಯದು. ಒಂದು ಲೀಟರ್ ಹಾಲಿನಲ್ಲಿರುವುದು ಸುಮಾರು 5 ಗ್ರಾಂ. ಹತ್ತು ಲೀಟರಿನಲ್ಲಿ ಡೈರಿಗೆ ಹೋದದ್ದು 50 ಗ್ರಾಂ. ಉಳಿದ 165 ಗ್ರಾಂ ಸಗಣಿ-ಗಂಜಲದಲ್ಲಿ ಕೊಟ್ಟಿಗೆಗೆ ಬೀಳುತ್ತದೆ. ಇದೇ ಮಟ್ಟದಲ್ಲಿ 300 ದಿನ ಕರೆದರೆ ಹೀಗೆ ಬಿದ್ದದ್ದು ಸುಮಾರು 50 ಕಿಲೋ. 45 ಕಿಲೋ ಮೂಟೆಯ ಲೆಕ್ಕದಲ್ಲಿ ಎರಡು ಮೂಟೆಗೂ ಮೀರಿದ ಯೂರಿಯಾ!

ನೆದರ್ಲೆಂಡ್ಸ್ ದೇಶದಲ್ಲಿ 1998ರಿಂದ ಕೆಲವು ವರ್ಷ ಹೈನು ರೈತರು ಇಂಥ ಜಮಾ-ಖರ್ಚನ್ನು ಸರ್ಕಾರಕ್ಕೆ ಒಪ್ಪಿಸಬೇಕಾಗಿತ್ತು. ಮಿತಿ ಮೀರಿದ ಸಾರಜನಕ, ರಂಜಕಕ್ಕೆ ಹಣ ತೆರಬೇಕಿತ್ತು. ಅಲ್ಲಿಯ ಕಷ್ಟ ಹೊಲದಲ್ಲಿ ಗೊಬ್ಬರ ಹೆಚ್ಚಾದದ್ದು. ನಮ್ಮಲ್ಲಿ ಕೊಟ್ಟಿಗೆಯಲ್ಲಿ ಹೆಚ್ಚು, ಹೊಲದಲ್ಲಿ ಕೊರತೆ.

ಸೋರಿಕೆಯ ಮುಖ್ಯ ಜಾಗ ಗಂಜಲ. ರಂಜಕ ಬಹುಮಟ್ಟಿಗೆ ಸಗಣಿಯಲ್ಲಿದ್ದು ತಿಪ್ಪೆ ಸೇರುತ್ತದೆ. ಹೊರಬೀಳುವ ಸಾರಜನಕದ ಅರ್ಧದಷ್ಟು, ಪೊಟ್ಯಾಷ್‌ನ ಹೆಚ್ಚಿನ ಪಾಲು ಗಂಜಲದಲ್ಲಿದ್ದು ಚರಂಡಿಗೆ ಹರಿಯುತ್ತವೆ. ಬೆಳಿಗ್ಗೆ ಕೊಟ್ಟಿಗೆ ಬಾಗಿಲು ತೆಗೆದಾಗ ಮೂಗಿಗೆ ಹೊಡೆಯುವ ಘಾಟು ಅಮೋನಿಯಾ, ಅಂದರೆ ಗಾಳಿಗೆ ಹಾರಿದ ಸಾರಜನಕ. ಇತ್ತ ಒಂದು ಟನ್ ಹಸಿ ನೇಪಿಯರ್ ಮಣ್ಣಿನಿಂದ ಸುಮಾರು 3 ಕಿಲೋ ಪೊಟ್ಯಾಷಿಯಂ ಎತ್ತಿಕೊಂಡು ಬರುತ್ತದೆ. ಕೊಯ್ಲಿನ ಮೇಲೆ ಕೊಯ್ಲು ತೆಗೆದು ಯೂರಿಯಾ ಮಾತ್ರ ಎರಚುವವರ ಮಡಿ ಕ್ರಮೇಣ ಸೊರಗುವುದು ಇದರಿಂದಲೇ.

ಕೊಟ್ಟಿಗೆಯ ನೆಲಕ್ಕೆ 50 ಅಡಿಗೆ 1 ಅಡಿಯಷ್ಟು ಇಳಿಜಾರು ಕೊಟ್ಟು, ಕಾಲುವೆ ಮಾಡಿ, ಗಂಜಲವನ್ನು ಮುಚ್ಚಳವಿರುವ ಗುಂಡಿಗೆ ಹರಿಸಿರಿ. ಮಣ್ಣಿನ ನೆಲವಿದ್ದರೆ ಹಸು ತಿಂದು ಬಿಟ್ಟ ಹುಲ್ಲನ್ನು ಹಾಸಿರಿ. ಒದ್ದೆ ಹುಲ್ಲನ್ನು ದಿನವೂ ತಿಪ್ಪೆಗೆ ಹಾಕಿ ಮೇಲೆ ಸ್ವಲ್ಪ ಸೂಪರ್ ಫಾಸ್ಫೇಟ್ ಎರಚಿದರೆ ಅಮೋನಿಯಾ ಹಾರಿಹೋಗುವುದು ತಗ್ಗುತ್ತದೆ. ತಿಪ್ಪೆಗೆ ನೆರಳಿರಲಿ. ಕುಡಿಯುವ ನೀರಿನ ಬಾವಿಯ ಹತ್ತಿರ ತಿಪ್ಪೆಯೂ ಬೇಡ, ಗಂಜಲದ ಗುಂಡಿಯೂ ಬೇಡ. ನೈಟ್ರೇಟ್ ಇಂಗಿ ನೀರು ಕೆಡುತ್ತದೆ.

ಹಾಲು 6 ಲೀಟರಿಗೆ ಇಳಿದ ಮೇಲೂ 5 ಕಿಲೋ ಹಿಂಡಿ ಸುರಿಯುವ ಪದ್ಧತಿ ಹಲವರಲ್ಲಿದೆ. ಹಾಲಾಗದ ಪ್ರೋಟೀನು ಗಂಜಲದಲ್ಲಿ ಯೂರಿಯಾ ಆಗಿಯೇ ಹೊರಬರುತ್ತದೆ. ಹಿಂಡಿಯ ಬೆಲೆಗೆ ಯೂರಿಯಾ ಕೊಂಡಂತಾಯಿತು! ಹಾಲಿನ ಅಳತೆ ನೋಡಿ ಹಿಂಡಿಯನ್ನು ಹಂತಹಂತವಾಗಿ ಇಳಿಸಿರಿ. ಗಬ್ಬದ ಹಸುವಿಗೆ ಮಾತ್ರ ಕೊನೆಯ ತಿಂಗಳುಗಳಲ್ಲಿ ಕೈ ಬಿಗಿಹಿಡಿಯಬಾರದು.

ಗಂಜಲವನ್ನು ಎಂಟು-ಹತ್ತು ಪಾಲು ನೀರು ಬೆರೆಸಿ, ಕೊಯ್ಲಾದ ನಂತರ ನೇಪಿಯರ್ ಸಾಲುಗಳಿಗೆ ಹಾಯಿಸಬಹುದು. ಹಾಯಿಸಿದ ಮಡಿಗೆ ಆ ಸಲದ ಯೂರಿಯಾ ಕಡಿಮೆ ಮಾಡಿರಿ. ಸಾರಜನಕ ಅತಿಯಾದ ಮೇವು ನೀರಿಲ್ಲದೆ ಬಾಡಿದಾಗ ಅದರಲ್ಲಿ ನೈಟ್ರೇಟ್ ಶೇಖರವಾಗಿ ರಾಸುಗಳಿಗೆ ವಿಷವಾಗುವುದುಂಟು.